ಆಟದ ಗಾಡಿಗೆ ಭಾರವಿರಲಿಲ್ಲ

ಹೋದ ತಿಂಗಳು ನಮ್ಮ ಡ್ರೈವಿಂಗ್ ಶಾಲೆಗೆ ಹೊಸದಾಗಿ ಸೇರಿದ ಇಬ್ಬರು ತರಬೇತುದಾರರು ಗಂಗಾವತಿಯ ನನ್ನ ಮನೆಗೆ ಬಂದಿದ್ದರು. ಚಹಾ ಕುಡಿದು ಕಪ್ಪು ಕೆಳಗಿಡುವ ಮೊದಲೇ ಒಬ್ಬಾತ ಕೇಳಿದ.

"ಖಾಜಾ ಮಾಸ್ತರ್ರ, ಮಶೀನಿನ ಮ್ಯಾಗ ಯಾವ ಆಟ ಹಾಕಿ ಕಲಸೂಣ್ರಿ? ಎಲ್ಲಾದಕಿಂತ ಹೆಚ್ಚ ಗಾಡಿ ಯಾವ ಆಟದಾಗ ಅದಾವ?"

ಅವು ಎರಡು ಬೇರೆ ಬೇರೆ ಪ್ರಶ್ನೆಗಳು. ಅವನು ಒಂದೇ ಅಂದುಕೊಂಡಿದ್ದ. ಒಂದು ಕಾಲಕ್ಕೆ ನಾನೂ ಹಾಗೆಯೇ ಅಂದುಕೊಂಡಿದ್ದೆ. ಅದರಿಂದ ನನ್ನ ಎಡಗೈ ಮಣಿಕಟ್ಟು ಮುರಿಯಿತು. ಅದಕ್ಕಿಂತ ದೊಡ್ಡ ಅನಾಹುತ ಇಪ್ಪತ್ತು ಹೆಜ್ಜೆಯಲ್ಲಿ ತಪ್ಪಿತು. ಆ ದಿನ ಅವರಿಗೆ ಅರ್ಧ ಉತ್ತರ ಕೊಟ್ಟು ಕಳಿಸಿದೆ. ಉಳಿದದ್ದನ್ನು ಬರೆದೇ ಕೊಡಬೇಕು ಅನ್ನಿಸಿತು, ಅದಕ್ಕೇ ಈ ಬರಹ.

ನನ್ನ ಹೆಸರು ಖಾಜಾಹುಸೇನ್. ಹದಿನೈದು ವರ್ಷ ಲಾರಿ ಓಡಿಸಿದೆ, ಇಪ್ಪತ್ತೆರಡು ವರ್ಷ ಗಾಡಿ ಕಲಿಸಿದೆ. ಯಾವಾಗ ಹಿರಿಯ ತರಬೇತುದಾರನಾದೆ, ಬೀಳ್ಕೊಡುವ ದಿನ ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಡುತ್ತೇನೆ. ಅದನ್ನು ಓದಿ ಯಾರಿಗೂ ಗೇರು ಹಾಕಲು ಬರುವುದಿಲ್ಲ.

ಮಶೀನು ಬಂದದ್ದು ನನ್ನ ಕೆಲಸದ ಕೊನೆಯ ಆರು ವರ್ಷಗಳಲ್ಲಿ. ಶಾಲೆಯ ಮಾಲಕರು ಶರಣಪ್ಪನವರು, ಹೊಸದನ್ನು ಕಂಡರೆ ಸುಮ್ಮನಿರುವವರಲ್ಲ. ಹಳೆಯ ಕಾರಿನ ಸೀಟೊಂದನ್ನು ಕಬ್ಬಿಣದ ಚೌಕಟ್ಟಿಗೆ ಬೋಲ್ಟು ಹಾಕಿಸಿ, ಮುಂದೆ ಸ್ಟೇರಿಂಗು, ಕೆಳಗೆ ಮೂರು ಪೆಡಲು, ಪಕ್ಕದಲ್ಲಿ ಗೇರಿನ ಕೋಲು, ಹ್ಯಾಂಡ್‌ಬ್ರೇಕು, ಎದುರಿಗೆ ಗೋಡೆಯಗಲ ಟಿವಿ ಹಚ್ಚಿಸಿದರು. ಕಂಪ್ಯೂಟರಿನಲ್ಲಿ ಮೂರು ಆಟ ಹಾಕಿಸಿದರು. ಹೊರಗೆ ಬ್ಯಾನರು ಬಿತ್ತು: "ಇನ್ನೂರು ಕಾರು ಓಡಿಸಿ ಕಲಿಯಿರಿ."

ಉದ್ಘಾಟನೆಗೆ ನನ್ನನ್ನೇ ಕೂರಿಸಿದರು. ಸುತ್ತ ಮೂವತ್ತು ಮಂದಿ ಕಲಿಯುವವರು. ನಾನು ಘಾಟಿನಲ್ಲಿ ಬಂಡೆಗಲ್ಲು ತುಂಬಿದ ಲಾರಿ ಇಳಿಸಿದವನು ಎಂಬ ಗತ್ತಿನಲ್ಲಿ ಕೂತೆ. ಆಟದ ಕಾರಿನ ಸ್ಟೇರಿಂಗ್ ಎಡಗಡೆ ಇತ್ತು, ರಸ್ತೆಯಲ್ಲಿ ಎಲ್ಲರೂ ಬಲಕ್ಕೆ ಹೋಗುತ್ತಿದ್ದರು. ಮೊದಲ ತಿರುವಿನಲ್ಲೇ ಒಂದು ಅಂಗಡಿಯೊಳಕ್ಕೆ ನುಗ್ಗಿದೆ. ಅಂಗಡಿ ಹಾಗೇ ಇತ್ತು. ಕಾರೂ ಹಾಗೇ ಇತ್ತು. ಹಿಂದಕ್ಕೆ ತೆಗೆದು ಮತ್ತೆ ಹೊರಟೆ, ಮುಂದಿನ ತಿರುವಿನಲ್ಲಿ ಸೇತುವೆಯಿಂದ ಕೆಳಗೆ ಹಾರಿದೆ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದು ಸರ್ಕಸ್ಸು, ಡ್ರೈವಿಂಗ್ ಅಲ್ಲ" ಅಂದು ಎದ್ದು ಹೋದೆ, ಮೂರು ತಿಂಗಳು ಆ ಕೋಣೆಯ ಕಡೆ ತಲೆ ಹಾಕಲಿಲ್ಲ.

ನನ್ನ ಮೊದಲ ತಪ್ಪು ಅದೇ. ಕಲಿಯುವವರು ಆ ಕೋಣೆಯಲ್ಲಿ ದಿನಾ ಏನೋ ಕಲಿಯುತ್ತಿದ್ದರು, ಏನು ಕಲಿಯುತ್ತಿದ್ದಾರೆಂದು ಕಲಿಸುವವನಾದ ನನಗೆ ಗೊತ್ತಿರಲಿಲ್ಲ. ನನ್ನನ್ನು ಮತ್ತೆ ಆ ಬಾಗಿಲಿಗೆ ಎಳೆದವರು ಕುಷ್ಟಗಿಯ ವೀರಭದ್ರಪ್ಪ ಎನ್ನುವ ನಿವೃತ್ತ ಸಾಲಿ ಮಾಸ್ತರರು. ಅರವತ್ತೊಂದನೆಯ ವಯಸ್ಸಿಗೆ ಕಾರು ಕಲಿಯಲು ಗಂಗಾವತಿಯ ತಮ್ಮ ಮಗಳ ಮನೆಯಲ್ಲಿ ಬಂದು ಉಳಿದಿದ್ದರು. ಒಂದು ಮುಂಜಾನೆ ಕೋಣೆಯಿಂದ ಗದ್ದಲ ಕೇಳಿ ಇಣುಕಿದೆ. ಆಟದಲ್ಲಿ ಪಂದ್ಯ ನಡೆದಿತ್ತು. ಏಳು ಕಾರು ಮಿಂಚಿನಂತೆ ಮುಂದೆ ಹೋಗಿದ್ದವು. ಎಂಟನೆಯದಾದ ಇವರ ಕಾರು ಕೆಂಪು ದೀಪ ನೋಡಿ ಚೌಕದಲ್ಲಿ ನಿಂತಿತ್ತು.

"ಮಾಸ್ತರ್ರ, ಹೊಡೀರಿ! ಇದು ರೇಸ್ ಐತಿ!" ಎಂದು ಹುಡುಗರು ಕೂಗುತ್ತಿದ್ದರು.

"ನನಗ ಯಾಕ್ರಪಾ ಅವಸರ?" ಅಂದರು ವೀರಭದ್ರಪ್ಪನವರು, ದೀಪದಿಂದ ಕಣ್ಣು ತೆಗೆಯದೆ. "ಸಾಲಿ ಗಂಟಿ ಹೊಡಿಯೂದೂ ಮುಗದೈತಿ, ಮೀಟಿಂಗೂ ಮುಗದಾವ. ಹಸರ ಬರಲಿ, ಹೋಗೂಣು."

ಆ ವರ್ಷ ಆರ್‌ಟಿಓ ಪರೀಕ್ಷೆಯಲ್ಲಿ ಒಂದೇ ಸಲಕ್ಕೆ ಪಾಸಾದವರ ಸಾಲಿನಲ್ಲಿ ಅವರೇ ಮೊದಲಿದ್ದರು. ಆಟದಲ್ಲಿ ಅವರು ಕೊನೆಯವರಾಗಿಯೇ ಉಳಿದರು. ಅವರನ್ನು ನೋಡಿದ ಮೇಲೆ ನನ್ನ ಹಟ ತಿರುಗಿತು. ಈ ಮಶೀನಿನಲ್ಲಿ ಕೆಟ್ಟದ್ದು ಕಲಿಯಲು ಬರುತ್ತದೆ ಅಂದರೆ ಒಳ್ಳೆಯದೂ ಬಂದೀತು, ಯಾವುದು ಯಾವುದೆಂದು ನಾನೇ ಕಂಡುಹಿಡಿಯುತ್ತೇನೆ ಎಂದು ಮರುದಿನದಿಂದ ಶಾಲೆ ತೆರೆಯುವ ಒಂದು ತಾಸು ಮೊದಲೇ ಹೋಗಿ ಕೂರತೊಡಗಿದೆ.

ಮೂರು ಆಟಕ್ಕೂ ಕಲಿಯುವವರು ಅಡ್ಡಹೆಸರು ಇಟ್ಟಿದ್ದರು. ಇನ್ನೂರು ಕಾರಿನದಕ್ಕೆ ಬಣ್ಣದ ಆಟ. ಬಸ್ಸು ಲಾರಿ ಇದ್ದದ್ದಕ್ಕೆ ಬಸ್ಸಿನ ಆಟ. ಮೂರನೆಯದರಲ್ಲಿ ಹದಿನಾಲ್ಕೇ ಗಾಡಿ, ಊರು ಇಲ್ಲ, ಮಂದಿ ಇಲ್ಲ, ಬರೀ ಒಂದು ಬೋಳು ರಸ್ತೆ ಮತ್ತು ಒಂದು ಮೈದಾನ. ಅದಕ್ಕೆ ಒಣ ಆಟ ಅನ್ನುತ್ತಿದ್ದರು, ಯಾರೂ ಕೂರುತ್ತಿರಲಿಲ್ಲ.

ನಾನು ಒಂದು ನೋಟ್‌ಬುಕ್ಕು ಇಟ್ಟೆ. ಪ್ರತಿ ಆಟದಲ್ಲೂ ಒಂದು ತಿರುವು ಆರಿಸಿಕೊಂಡು ಒಂದೇ ವೇಗದಲ್ಲಿ ಬೇರೆ ಬೇರೆ ಗಾಡಿ ತಿರುಗಿಸುವುದು, ಆಮೇಲೆ ಒಂದೇ ಜಾಗದಲ್ಲಿ ಬ್ರೇಕು ಒತ್ತಿ, ನಿಲ್ಲುವ ತನಕ ರಸ್ತೆಯ ಮೇಲಿನ ಎಷ್ಟು ಬಿಳಿ ಪಟ್ಟಿ ದಾಟಿತೆಂದು ಎಣಿಸುವುದು. ಬಣ್ಣದ ಆಟದಲ್ಲಿ ಇಪ್ಪತ್ತು ಕಾರು ಹೀಗೆ ನೋಡಿದೆ. ಸದ್ದು ಬೇರೆ, ಬಣ್ಣ ಬೇರೆ, ಕೆಲವು ಜೋರು ಓಡುತ್ತಿದ್ದವು, ಕೆಲವು ನಿಧಾನ. ಆದರೆ ತಿರುಗುವುದು, ನಿಲ್ಲುವುದು ಎಲ್ಲವೂ ಒಂದೇ. ಒಂದೇ ಕಾರಿಗೆ ಇನ್ನೂರು ಅಂಗಿ ಹೊಲಿಸಿದ್ದರು. ಬಸ್ಸಿನ ಆಟದಲ್ಲಿ ಬಸ್ಸು ಉದ್ದ ಇತ್ತು, ತಿರುವಿನಲ್ಲಿ ಹಿಂದಿನ ಗಾಲಿ ಒಳಗೆ ಕಡಿಯುವುದನ್ನು ಸರಿಯಾಗಿ ತೋರಿಸುತ್ತಿತ್ತು. ಅದು ನನಗೆ ಹಿಡಿಸಿತು. ಆದರೆ ಬಸ್ಸಿನಲ್ಲಿ ಅರವತ್ತು ಮಂದಿ ಕೂತರೂ ಖಾಲಿ ಇದ್ದಷ್ಟೇ ದೂರದಲ್ಲಿ ನಿಲ್ಲುತ್ತಿತ್ತು. ಒಣ ಆಟದಲ್ಲಿ ಮಾತ್ರ ಹದಿನಾಲ್ಕಕ್ಕೂ ಹದಿನಾಲ್ಕು ಗುಣ ಇತ್ತು. ಒಂದು ಮೂಗು ಎಳೆಯುತ್ತಿತ್ತು, ಒಂದು ಬಾಲ ಬೀಸುತ್ತಿತ್ತು. ಎತ್ತರದ ಗಾಡಿ ತಿರುವಿನಲ್ಲಿ ವಾಲುತ್ತಿತ್ತು.

ಇನ್ನೊಂದು ಮಾತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಓಡಿಸಲು ಇನ್ನೂರು ಗಾಡಿ ಕೊಟ್ಟಿದ್ದಾರೆ, ಎದುರಿಗೆ ಬರುವುದು ಮಾತ್ರ ಬರೀ ಕಾರು. ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಇಲ್ಲ, ರಸ್ತೆಯಗಲ ಬರುವ ಭತ್ತ ಕೊಯ್ಯುವ ಮಶೀನಿಲ್ಲ, ಡಾಂಬರಿನ ಮೇಲೆ ಒಣಹಾಕಿದ ಜೋಳ ಇಲ್ಲ. ಗಾಡಿಗಳ ವೈವಿಧ್ಯ ಅಂದರೆ ಎದುರಿಗೆ ಬರುವವನ ವೈವಿಧ್ಯವೂ ಹೌದು.

ಇದನ್ನೆಲ್ಲ ಶರಣಪ್ಪನವರ ಮುಂದೆ ಹೇಳಿ, ಬಣ್ಣದ ಆಟ ತೆಗೆಸಿರಿ ಅಂದೆ.

"ಖಾಜಾಸಾಬ್ರ," ಅಂದರು ಅವರು, "ಹದಿನಾಕ ಗಾಡಿ ಅಂತ ಬ್ಯಾನರ್ ಹಾಕಿದ್ರ ಯಾವ ಹುಡುಗ ಬರ್ತಾನ್ರಿ? ಮಂದಿ ಬಣ್ಣ ನೋಡಿ ಒಳಗ ಬರಲಿ. ಬಂದಮ್ಯಾಲ ನೀವು ಒಣದ ಕಲಸ್ರಿ."

ವಾದ ಸರಿಯಾಗಿಯೇ ಕಂಡಿತು. ಒಪ್ಪಿದೆ. ಒಪ್ಪಿದ್ದು ನನ್ನ ಎರಡನೆಯ ತಪ್ಪು.

ರೇಣುಕಾ ಬಂದದ್ದು ಅದೇ ದಿನಗಳಲ್ಲಿ. ಯಲಬುರ್ಗಾದವಳು, ಇಪ್ಪತ್ತನಾಲ್ಕು ವಯಸ್ಸು, ಕಂಪ್ಯೂಟರ್ ಓದಿದ್ದಳು. ಅವಳ ತಂದೆ ಸಣ್ಣ ಗೂಡ್ಸ್ ಗಾಡಿಯಲ್ಲಿ ಗಂಗಾವತಿಯ ರೈಸ್ ಮಿಲ್ಲುಗಳಿಂದ ತೌಡು ತುಂಬಿಕೊಂಡು ಹೋಗಿ, ಯಲಬುರ್ಗಾ ಸುತ್ತಿನ ಹಳ್ಳಿಗಳಲ್ಲಿ ಎಮ್ಮೆ ಕಟ್ಟಿದವರಿಗೆ ಮಾರುತ್ತಿದ್ದರು. ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಇನ್ನು ಕ್ಲಚ್ಚು ಒತ್ತಬಾರದು ಎಂದು ಡಾಕ್ಟರು ಹೇಳಿದ ಮೇಲೆ ಗಾಡಿ ಮನೆ ಮುಂದೆ ನಿಂತಿತ್ತು.

"ಬ್ಯಾರೆ ಡ್ರೈವರ್ ಇಟ್ರ ಗಾಡಿ ಅವನದಾಗತೈತ್ರಿ, ನಮ್ಮದು ಆಗಿ ಉಳಿಯಂಗಿಲ್ಲ," ಅಂದಳು ಮೊದಲ ದಿನ. "ನಾನ ಓಡಸಾಕಿ. ಕಲಸ್ರಿ ಮಾಸ್ತರ."

ಕೇಳಿಕೊಳ್ಳುವ ದನಿ ಅದಾಗಿರಲಿಲ್ಲ, ತೀರ್ಮಾನ ಮಾಡಿಕೊಂಡೇ ಬಂದಿದ್ದಳು. ಕಾಲೇಜಿನ ದಿನಗಳಿಂದ ಕಾರಿನ ಆಟ ಆಡಿದ ಕೈ ಬೇರೆ. ಮಶೀನಿನಲ್ಲಿ ಕೂತರೆ ನೋಡುವಂತಿತ್ತು. ಬಣ್ಣದ ಆಟದಲ್ಲಿ ಶಾಲೆಯ ಹುಡುಗರ ದಾಖಲೆಗಳನ್ನೆಲ್ಲ ಒಂದು ವಾರದಲ್ಲಿ ಅಳಿಸಿದಳು. ತಿರುವಿನ ಒಳಗೆ ಹೋದ ಮೇಲೆ ಬ್ರೇಕು ಒತ್ತಿ, ಹ್ಯಾಂಡ್‌ಬ್ರೇಕು ಒಮ್ಮೆ ಎಳೆದುಬಿಟ್ಟು, ಕಾರನ್ನು ಗರಕ್ಕನೆ ತಿರುಗಿಸುತ್ತಿದ್ದಳು. ಶಾಲೆಯ ಕಾರಿನಲ್ಲೂ ಅಷ್ಟೇ. ಹತ್ತು ದಿನಕ್ಕೆ ಗೇರು, ಕ್ಲಚ್ಚು, ಕನ್ನಡಿ ಎಲ್ಲ ಹಿಡಿತಕ್ಕೆ ಬಂದವು. ಇಷ್ಟು ವರ್ಷದಲ್ಲಿ ಇಂಥ ಕೈ ನೋಡಿರಲಿಲ್ಲ ಎಂದು ನಾನು ಎಲ್ಲರ ಮುಂದೆ ಹೊಗಳಿದೆ. ಹೊಗಳಿದ್ದು ಅವಳಿಗಿಂತ ನನ್ನ ತಲೆಗೇರಿತು.

ಹನ್ನೊಂದನೆಯ ದಿನ ಅವಳ ತಂದೆಯ ಗಾಡಿಯನ್ನೇ ಸಂಬಂಧಿಯೊಬ್ಬ ಗಂಗಾವತಿಗೆ ತಂದು ತೌಡು ತುಂಬಿಸಿ ನಿಲ್ಲಿಸಿದ್ದ. ಮುಂಜಾನೆ ಎಂಟರ ಸುಮಾರು.

"ಮಾಸ್ತರ, ಒಂದ ರೌಂಡ್ ನಮ್ಮ ಗಾಡಿ ಓಡಸ್ಲೇನ್ರಿ? ಆನೆಗೊಂದಿ ರಸ್ತೆ ಖಾಲಿ ಇರತೈತಿ," ಅಂದಳು.

ಶಾಲೆಯ ಕಾರಿನಲ್ಲಿ ನನ್ನ ಕಾಲ ಬಳಿಯೂ ಒಂದು ಬ್ರೇಕು ಇರುತ್ತದೆ. ಅವಳ ಗಾಡಿಯಲ್ಲಿ ಅದು ಇರಲಿಲ್ಲ. ಹಿಂದೆ ಇಪ್ಪತ್ತೆರಡು ಚೀಲ ತೌಡು. ಇನ್ನೊಬ್ಬರಾರಾದರೂ ಕೇಳಿದ್ದರೆ ಬೈದು ಕಳಿಸುತ್ತಿದ್ದೆ. ಅವಳಿಗೆ "ನಡಿ" ಅಂದೆ.

ಮೊದಲ ನಾಲ್ಕು ಕಿಲೋಮೀಟರು ಚೆನ್ನಾಗಿ ಓಡಿಸಿದಳು. ಬಂಡೆಗಳ ನಡುವೆ ರಸ್ತೆ ಎಡಕ್ಕೆ ಹೊರಳುವಲ್ಲಿ, ತಿರುವು ಶುರುವಾದರೂ ಅವಳು ಬ್ರೇಕು ಮುಟ್ಟಲಿಲ್ಲ. ಒಳಗೆ ಹೋದ ಮೇಲೆ ಎದುರಿಗೆ ಭತ್ತದ ಸಸಿ ತುಂಬಿದ ಟ್ರ್ಯಾಕ್ಟರು ಕಂಡಿತು. ಆಗ ಸ್ಟೇರಿಂಗ್ ತಿರುಗಿಸುತ್ತಲೇ ಪೂರ್ತಿ ಬ್ರೇಕು ಒತ್ತಿದಳು. ಮುಂದಿನ ಗಾಲಿಗಳು ಬಿಗಿದು ಜಾರತೊಡಗಿದವು. ಜಾರುವ ಗಾಲಿ ಯಾವ ಕಡೆ ಮುಖ ಮಾಡಿದ್ದರೂ ಒಂದೇ, ಗಾಡಿ ನೆಟ್ಟಗೇ ಹೋಗುತ್ತದೆ. ಹಿಂದಿನ ಭಾರವೆಲ್ಲ ನಮ್ಮನ್ನು ದೂಡಿತು. ಟ್ರ್ಯಾಕ್ಟರಿಗೆ ಗೇಣಿನಷ್ಟು ಅಂತರದಲ್ಲಿ ರಸ್ತೆ ದಾಟಿ, ಒಡ್ಡು ಹಾರಿ, ನೀರು ನಿಲ್ಲಿಸಿದ ಗದ್ದೆಯೊಳಗೆ ಇಳಿದೆವು.

ಮೂಗು ಕೆಸರಿಗೆ ಕಚ್ಚಿ ಗಾಡಿ ನಿಂತಾಗ ನನ್ನ ಎಡಗೈ ನನ್ನದಲ್ಲವೇನೋ ಎಂಬಂತೆ ಜೋತುಬಿದ್ದಿತ್ತು. ರೇಣುಕಾಳ ಹಣೆ ಒಡೆದು ರಕ್ತ ಸೋರುತ್ತಿತ್ತು. ಮುಂದಿನ ಗಾಜಿನಲ್ಲಿ ನೋಡಿದೆ. ನಾಲ್ಕು ಜನ ಹೆಂಗಸರು ಸಸಿ ಹಿಡಿದುಕೊಂಡು ನಿಂತಿದ್ದರು. ನಮ್ಮಿಂದ ಅವರಿಗೆ ಇಪ್ಪತ್ತು ಹೆಜ್ಜೆ. ಆ ಗದ್ದೆಯ ಒಡತಿ ಹನುಮವ್ವ ಎಂಬ ಹಿರಿಯ ಹೆಣ್ಣುಮಗಳು ಮೊಣಕಾಲುದ್ದದ ಕೆಸರಿನಲ್ಲಿ ನಡೆದು ಬಂದು ಬಾಗಿಲು ಎಳೆದಳು. ನನ್ನ ಮುಖ ನೋಡಿದಳು, ರೇಣುಕಾಳ ಹಣೆ ನೋಡಿದಳು.

"ಸಾಬಣ್ಣ, ನಾವು ಇಲ್ಲೇ ಇದ್ವಿ, ಈಗಷ್ಟ ಆ ಕಡೆ ಸರದೀವಿ. ಹಚ್ಚಿದ ಸಾಲು ಮುಗೀತಂತ," ಅಂದಳು. "ನೀವಿಬ್ಬರೂ ಮದಲ ಹೊರಗ ಬರ್ರಿ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತನ್ನ ಸೆರಗಿನಿಂದ ಆ ಹುಡುಗಿಯ ಹಣೆ ಒತ್ತಿ ಹಿಡಿದದ್ದನ್ನು ನೋಡಿ ಒಡ್ಡಿನ ಮೇಲೆ ಕೂತುಬಿಟ್ಟೆ.

ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಮೂರನೆಯ ದಿನ ಶಾಲೆಗೆ ಹೋದೆ. ಶರಣಪ್ಪನವರು ಬಾಗಿಲು ಹಾಕಿಸಿ ಒಂದು ಹಾಳೆ ಮುಂದೆ ಇಟ್ಟರು.

"ಮಾಸ್ತರು ಬ್ಯಾಡ ಅಂದ್ರೂ ಹುಡುಗಿ ಗಾಡಿ ಒಯ್ದಳು ಅಂತ ಬರದೀನಿ. ಒಂದ ಸಹಿ ಹಾಕ್ರಿ. ಶಾಲೆದ ಲೈಸನ್ಸ ಉಳಿತೈತಿ, ನಿಮ್ಮ ಹೆಸರೂ ಉಳಿತೈತಿ. ಹೆಣ್ಣಹುಡುಗಿ, ಗಾಬರಿ ಆಗ್ಯಾಳ ಅಂದ್ರ ಯಾರೂ ಏನೂ ಅನ್ನಂಗಿಲ್ಲ."

"ಅಕಿಗೆ ಏನ ಅಂತಾರ್ರಿ?" ಅಂದೆ.

ಅವರು ಪೆನ್ನನ್ನು ಹಾಳೆಯ ಮೇಲಿಟ್ಟು ನನ್ನ ಕಡೆ ಸರಿಸಿದರು.

"ನಡಿ ಅಂದಾಂವ ನಾನು. ಎರಡನೇ ಬ್ರೇಕ್ ಇಲ್ಲದ ಗಾಡ್ಯಾಗ, ಲೋಡ್ ಮ್ಯಾಲ, ಹನ್ನೊಂದನೇ ದಿನಕ್ಕ ಕುಂಡ್ರಿಸಿದಾಂವ ನಾನು. ಹಂಗ ಬರೀರಿ, ಈಗ ಸಹಿ ಹಾಕ್ತೀನಿ."

"ಹಂಗ ಬರದ್ರ ನಿಮ್ಮನ್ನ ಇಟಗೊಳ್ಳಾಕ ಬರಂಗಿಲ್ರಿ, ಖಾಜಾಸಾಬ್ರ."

"ಬ್ಯಾಡ್ರಿ."

ಬಲಗೈ ಸರಿ ಇತ್ತು. ನಾನೇ ಬರೆದು, ಸಹಿ ಮಾಡಿ, ಆರ್‌ಟಿಓ ಕಚೇರಿಗೆ ಕೊಟ್ಟು ಬಂದೆ. ಶಾಲೆಗೆ ಎಚ್ಚರಿಕೆಯ ಪತ್ರ ಬಂತು, ನನಗೆ ಎರಡು ತಿಂಗಳು ಕಲಿಸಬಾರದೆಂದು ಆಯಿತು, ಶಾಲೆಯ ಕೆಲಸವೂ ಹೋಯಿತು. ಇದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಹೊಸಬರಿಗೆ ಹೇಳುವುದಿಷ್ಟು: ಕಲಿಯುವವರ ಕೈಯಲ್ಲಿ ಗಾಡಿ ಕೆಟ್ಟರೆ ತಪ್ಪು ಪಕ್ಕದ ಸೀಟಿನದು. ಅದಕ್ಕೇ ಆ ಸೀಟಿಗೆ ಸಂಬಳ.

ಪ್ಲಾಸ್ಟರು ಬಿಚ್ಚಿದ ವಾರ ಬಸ್ಸು ಹತ್ತಿ ಯಲಬುರ್ಗಾಕ್ಕೆ ಹೋದೆ. ಮನೆ ಮುಂದೆ ಅದೇ ಗಾಡಿ, ಮೂಗು ತಟ್ಟಿ ನೆಟ್ಟಗೆ ಮಾಡಿಸಿ ನಿಲ್ಲಿಸಿದ್ದರು. ಅವಳ ತಂದೆ ಕೋಲೂರಿ ಎದ್ದು ಬಂದು ಖುರ್ಚಿ ಹಾಕಿದರು. ನಾನು ಕೂರುವ ಮೊದಲೇ ಅವರ ಮುಂದೆ ತಪ್ಪು ಒಪ್ಪಿಕೊಂಡೆ.

"ಅಕಿ ಗಾಡಿ ಹತ್ರನೂ ಹೋಗವಲ್ಲಳ್ರಿ," ಅಂದರು ಅವರು. "ಮಾರೂಣು ಅಂತಾಳ."

ರೇಣುಕಾ ಒಳಗಿನಿಂದ ಬಂದಳು. ಹಣೆಯ ಮೇಲೆ ಗಾಯದ ಗೆರೆ. ನಾನು ಮಾತು ಶುರು ಮಾಡುವಷ್ಟರಲ್ಲಿ ಅವಳೇ ಅಂದಳು.

"ಮಾಸ್ತರ, ನಾನು ಆಟದಾಗ ಅಂಥಾ ತಿರುವು ಸಾವಿರ ಸಲ ತಿರಗೀನ್ರಿ. ಬ್ರೇಕ್ ಒತ್ತಿ ತಿರಗಿಸಿದ್ರ ಬರತೈತಿ. ಅವತ್ತ ಯಾಕ ಬರಲಿಲ್ಲ? ನನಗ ಅದ ಒಂದ ತಲ್ಯಾಗ ಕುಂತೈತಿ."

"ಆಟದ ಗಾಡಿಗೆ ಭಾರ ಇಲ್ಲವಾ," ಅಂದೆ.

ಅವಳು ತಲೆ ಅಲ್ಲಾಡಿಸಿದಳು. "ಅದೊಂದ ಅಲ್ರಿ. ನಾನು ಮನ್ಯಾಗ ಕಂಪ್ಯೂಟರಿನ ಮುಂದ ಕುಂತು ಆಟದ ಸೆಟ್ಟಿಂಗ್ ಎಲ್ಲಾ ಬಿಚ್ಚಿ ನೋಡೀನಿ. ಆಟದಾಗ ಸಹಾಯ ಅಂತ ಇರತಾವ್ರಿ. ಗಾಲಿ ಬಿಗಿಯದಂಗ ನೋಡಕೊಳ್ಳೂದು ಒಂದು, ಗಾಡಿ ಜಾರದಂಗ ಹಿಡಕೊಳ್ಳೂದು ಒಂದು. ಮದಲಿಂದನ ಚಾಲು ಇರತಾವ. ನಾ ಅವನ್ನ ಬಂದ್ ಮಾಡಿ ಓಡಿಸಿದ್ರ ಮೊದಲ ತಿರುವಿನ್ಯಾಗ ಬಿದ್ದೆ. ಇಷ್ಟ ವರ್ಷ ನಾ ಓಡಸಿಲ್ರಿ, ಅದ ಓಡಸೈತಿ."

ಇದು ನನಗೆ ಗೊತ್ತಿರಲಿಲ್ಲ. ನೋಟ್‌ಬುಕ್ಕು ತುಂಬ ಬಿಳಿ ಪಟ್ಟಿ ಎಣಿಸಿದ ನಾನು ಎಲ್ಲವನ್ನೂ ಆ ಸಹಾಯದ ಮೇಲೆಯೇ ಎಣಿಸಿದ್ದೆ. ನನ್ನ ಹೋಲಿಕೆಯೆಲ್ಲ ನೀರಿನಲ್ಲಿ ಹೋಯಿತು. ಆದರೆ ಬೇಸರಕ್ಕಿಂತ ಹೆಚ್ಚಾಗಿ ಕೈ ತುರಿಸಿತು.

"ಹಂಗಾದ್ರ ಮತ್ತ ಮದಲಿಂದ ನೋಡೂಣು," ಅಂದೆ. "ನೀ ಕಂಪ್ಯೂಟರ್ ತಿರವು, ನಾ ಗಾಡಿ ತಿರವತೀನಿ. ಎರಡೂ ಒಂದ ಆಗೂತನಕ ಬಿಡೂದಿಲ್ಲ. ಆಮ್ಯಾಲ ಬೇಕಾದ್ರ ಮಾರು."

ಅವಳ ತಂದೆ ಮಗಳ ಮುಖ ನೋಡಿದರು. ಅವಳು ಗಾಡಿಯ ಕಡೆ ನೋಡಿದಳು. "ಸೋಮವಾರ ಬರ್ತೀನ್ರಿ," ಅಂದಳು.

ನನಗೆ ಕಲಿಸಲು ಅಪ್ಪಣೆ ಇರಲಿಲ್ಲ, ಗಾಡಿ ಓಡಿಸಲು ಇತ್ತು. ಗಂಗಾವತಿಯ ಮಾರುಕಟ್ಟೆಯ ಅಂಗಳ ರಜೆಯ ದಿನ ಖಾಲಿ ಇರುತ್ತದೆ. ಅನುಮತಿ ಕೇಳಿ, ಸುಣ್ಣದ ಪುಡಿಯಿಂದ ಗೆರೆ ಹಾಕಿದೆವು. ನಲವತ್ತರ ವೇಗದಲ್ಲಿ ಬಂದು ಗೆರೆಯ ಮೇಲೆ ನಾನು ಬ್ರೇಕು ಒತ್ತುವುದು, ಅವಳು ಹೊರಗೆ ನಿಂತು ಟೇಪು ಹಿಡಿದು ಅಳೆಯುವುದು. ಖಾಲಿ ಗಾಡಿ, ಹತ್ತು ಚೀಲ, ಇಪ್ಪತ್ತು ಚೀಲ. ಖಾಲಿ ಇದ್ದಾಗ ನಿಂತ ಜಾಗಕ್ಕೂ ಇಪ್ಪತ್ತು ಚೀಲ ಇದ್ದಾಗ ನಿಂತ ಜಾಗಕ್ಕೂ ನಡುವೆ ಅವಳು ನಡೆದು ನೋಡಿದಳು. ಏಳು ಹೆಜ್ಜೆ. ಆ ಏಳು ಹೆಜ್ಜೆಯನ್ನು ಅವಳು ಎರಡೆರಡು ಸಲ ನಡೆದಳು.

ಆಮೇಲೆ ತಿರುವು. ಅಲ್ಲಿ ನನಗೆ ನನ್ನ ಉಸ್ತಾದ ದಸ್ತಗೀರಸಾಬರು ನೆನಪಾದರು. ನಾನು ಲಾರಿ ಕಲಿಯಲು ಸೇರಿದಾಗ ಅವರು ಎಂಟು ದಿನ ಸ್ಟೇರಿಂಗ್ ಮುಟ್ಟಗೊಡಲಿಲ್ಲ. ಹಿಂದೆ ಹೇರಿದ ಚೀಲಗಳ ಮೇಲೆ ಕೂರಿಸಿ, "ಮೊದಲ ನೀನು ಮೂಟಿ ಆಗು, ಆಮ್ಯಾಲ ಡ್ರೈವರ್ ಆಗು" ಅನ್ನುತ್ತಿದ್ದರು. ನಾನು ರೇಣುಕಾಳನ್ನು ಚೀಲಗಳ ನಡುವೆ ಭದ್ರವಾಗಿ ಕೂರಿಸಿ, ಅಂಗಳದಲ್ಲಿ ನಡೆಯುವಷ್ಟು ನಿಧಾನವಾಗಿ ತಿರುಗಿಸಿದೆ. ಮತ್ತೆ ಸ್ವಲ್ಪ ಹೆಚ್ಚು ವೇಗ. ಐದನೆಯ ಸುತ್ತಿಗೆ ಗಾಡಿ ನಿಲ್ಲಿಸಿದಾಗ ಅವಳು ತೌಡಿನ ಪುಡಿ ಮೆತ್ತಿದ ಮುಖ ಎತ್ತಿ ಅಂದಳು.

"ಗಾಡಿ ತಿರಗಿದ ಮ್ಯಾಲೂ ಚೀಲ ಇನ್ನೂ ನೆಟ್ಟಗ ಹೊಂಟಿರ್ತಾವ್ರಿ, ಮಾಸ್ತರ."

"ಹಾಂ. ಅವಕ್ಕ ಸ್ಟೇರಿಂಗ್ ಇಲ್ಲ."

ಅಳತೆಗಳನ್ನು ಹಿಡಿದುಕೊಂಡು ಅವಳು ಶಾಲೆಯ ಮಶೀನಿನ ಮುಂದೆ ಕೂತಳು. ಶರಣಪ್ಪನವರು ಬರಬೇಡಿ ಅನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಬಣ್ಣದ ಆಟದಲ್ಲಿ ಸಹಾಯ ತೆಗೆದರೂ ಭಾರ ಹೇರಲು ಜಾಗವೇ ಇರಲಿಲ್ಲ. ಬಸ್ಸಿನ ಆಟದಲ್ಲಿ ಮಂದಿ ಹತ್ತಿದರೂ ತೂಕ ಹತ್ತುತ್ತಿರಲಿಲ್ಲ. ಒಣ ಆಟ ಮಾತ್ರ ಎಲ್ಲವನ್ನೂ ಬಿಚ್ಚಿ ಕೊಡುತ್ತಿತ್ತು. ತೂಕ ಎಷ್ಟು, ತೂಕದ ಎತ್ತರ ಎಷ್ಟು, ಬ್ರೇಕಿನ ಬಿಗಿ ಎಷ್ಟು, ಟೈರಿನ ಹಿಡಿತ ಎಷ್ಟು. ಅದರಲ್ಲಿದ್ದ ಒಂದು ಸಣ್ಣ ವಿದೇಶಿ ಸರಕು ಗಾಡಿಯನ್ನು ತೆಗೆದುಕೊಂಡು, ಸ್ಟೇರಿಂಗನ್ನು ಬಲಕ್ಕೆ ತಂದು, ನಮ್ಮ ಅಂಗಳದ ಲೆಕ್ಕಕ್ಕೆ ಹೊಂದಿಸತೊಡಗಿದಳು. ಅವಳು ಒಂದು ಅಂಕಿ ಬದಲಿಸುವುದು, ನಾನು ಓಡಿಸಿ "ಇನ್ನೂ ಹಗುರ ಐತಿ" ಅನ್ನುವುದು. ಮತ್ತೆ ಬದಲಿಸುವುದು, "ಬ್ರೇಕ್ ಭಾಳ ಛಲೋ ಐತಿ, ಕೆಡಸು" ಅನ್ನುವುದು. ಕೆಲವು ದಿನ ಜಗಳವೇ ಆಯಿತು. ಅಳತೆಯ ಪ್ರಕಾರ ಸರಿ ಇದೆ ಎಂದು ಅವಳು, ನನ್ನ ಬೆನ್ನು ಒಪ್ಪುತ್ತಿಲ್ಲ ಎಂದು ನಾನು. ಮತ್ತೆ ಅಂಗಳಕ್ಕೆ ಹೋಗಿ ಅಳೆದರೆ ಒಮ್ಮೆ ಅವಳು ಸರಿ, ಒಮ್ಮೆ ನನ್ನ ಬೆನ್ನು ಸರಿ.

ಏಳು ವಾರ ಹಿಡಿಯಿತು. ಒಂದು ಮಧ್ಯಾಹ್ನ ಅವಳು ಇಪ್ಪತ್ತು ಚೀಲದ ಲೆಕ್ಕ ಹಾಕಿ ತಿರುವಿಗೆ ಬಿಟ್ಟಳು. ತಿರುವಿನ ಒಳಗೆ ಬೇಕೆಂದೇ ಪೂರ್ತಿ ಬ್ರೇಕು ಒತ್ತಿದೆ. ಸ್ಟೇರಿಂಗ್ ತಿರುಗಿಸಿದಂತೆಯೇ ಗಾಡಿ ನೆಟ್ಟಗೆ ಜಾರಿ ರಸ್ತೆಯಿಂದಾಚೆ ಹೋಯಿತು. ಗೋಡೆಯ ಮೇಲಿನ ಚಿತ್ರವೇ ಆದರೂ ನನ್ನ ಎಡಗೈ ತಾನಾಗಿ ಮುಂದಕ್ಕೆ ಬಂದು ಗಾಳಿಯಲ್ಲಿ ತಡೆ ಹಿಡಿಯಿತು. ರೇಣುಕಾ ಅದನ್ನು ನೋಡಿದಳು. "ಹಿಂಗ ಇತ್ತಲ್ರಿ," ಅಂದಳು ಮೆಲ್ಲಗೆ.

ಬಾಗಿಲಲ್ಲಿ ಶರಣಪ್ಪನವರು ಯಾವಾಗಿನಿಂದ ನಿಂತಿದ್ದರೋ. ನನ್ನನ್ನು ಎಬ್ಬಿಸಿ ತಾವೇ ಕೂತರು. ಮೂರು ಸಲ ರಸ್ತೆ ಬಿಟ್ಟು ಹೋದರು. ನಾಲ್ಕನೆಯ ಸಲ ತಿರುವಿಗೆ ಬಹಳ ಮೊದಲೇ ವೇಗ ಇಳಿಸಿ, ಬ್ರೇಕಿನಿಂದ ಕಾಲು ತೆಗೆದು, ಆಮೇಲೆ ತಿರುಗಿಸಿದರು. ಗಾಡಿ ರಸ್ತೆಯಲ್ಲಿ ಉಳಿಯಿತು. ಎದ್ದು ಬೆವರು ಒರೆಸಿಕೊಂಡು, "ಖಾಜಾಸಾಬ್ರ, ನಿಮ್ಮ ಸಹಿಗೆ ಬರದ ಆ ಹಾಳಿ ನಾ ಹರದ ಒಗದೀನ್ರಿ. ಸೋಮವಾರದಿಂದ ಬರ್ರಿ," ಅಂದರು. ಬ್ಯಾನರು ಇಳಿಸಿದರು. ಬಣ್ಣದ ಆಟ ಮಾತ್ರ ತೆಗೆಸಲಿಲ್ಲ. ಹೊಸಬರು ಮೊದಲ ದಿನ ಅದರಲ್ಲಿ ಆಡಲಿ, ಎರಡನೆಯ ದಿನ ಸಹಾಯ ಬಂದ್ ಮಾಡಿ ಒಣ ಆಟಕ್ಕೆ ಕೂರಲಿ ಎಂದು ನಿಯಮ ಮಾಡಿದೆವು. ಎರಡರ ನಡುವಿನ ವ್ಯತ್ಯಾಸವನ್ನು ನಾನು ಬಾಯಿಂದ ಹೇಳುವ ಕಷ್ಟ ತಪ್ಪಿತು.

ರೇಣುಕಾ ಮತ್ತೆ ಮೊದಲ ಪಾಠದಿಂದ ಶುರು ಮಾಡಿದಳು. ಮೊದಲ ಸಲ ಕೂತಾಗ ಕೀಲಿ ತಿರುಗಿಸಲು ಹತ್ತು ನಿಮಿಷ ತೆಗೆದುಕೊಂಡಳು. ನಾನು ಅವಸರ ಮಾಡಲಿಲ್ಲ. ಮಶೀನು, ಎರಡು ಬ್ರೇಕಿನ ಕಾರು, ಖಾಲಿ ಗಾಡಿ, ಐದು ಚೀಲ, ಹತ್ತು ಚೀಲ. ಪರೀಕ್ಷೆ ಪಾಸಾಗಿ ಲೈಸನ್ಸು ಬಂದ ಮೇಲೂ, "ಪೂರ್ತಿ ಲೋಡಿಗೆ ಒಂದ ಸಲ ನೀವು ಜೋಡಿ ಬರ್ರಿ," ಅಂದಳು.

ಇಪ್ಪತ್ತೆರಡು ಚೀಲ ತೌಡು ತುಂಬಿಕೊಂಡು ಗಂಗಾವತಿಯಿಂದ ಹೊರಟೆವು. ಕೊಪ್ಪಳ ದಾಟಿದೆವು. ಇಟಗಿಯ ಕಡೆ ರಸ್ತೆ ಒಡೆಯುವುದಕ್ಕೆ ಸ್ವಲ್ಪ ಮೊದಲು ಒಂದು ತಿರುವು. ಅದಕ್ಕೆ ಬಹಳ ಹಿಂದೆಯೇ ಅವಳ ಕಾಲು ಬ್ರೇಕಿಗೆ ಹೋಯಿತು. ಇಷ್ಟು ಬೇಗ ಯಾಕೆ ಎಂದು ನಾನು ಅಂದುಕೊಳ್ಳುತ್ತಿದ್ದಂತೆ ತಿರುವು ತೆರೆದುಕೊಂಡಿತು. ರಸ್ತೆಯ ತುಂಬ ಕುರಿ. ಇನ್ನೂರಾದರೂ ಇದ್ದವು. ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಕುರುಬ, ನಮಗೆ ಬೆನ್ನು ಮಾಡಿ ನಡೆದಿದ್ದ.

ಗಾಡಿ ಮೂತಿ ಬಗ್ಗಿಸಿ, ಮೆಲ್ಲಗೆ ನಿಂತಿತು. ಕೊನೆಯ ಕುರಿಗೂ ನಮಗೂ ನಡುವೆ ಇನ್ನೊಂದು ಗಾಡಿ ನಿಲ್ಲುವಷ್ಟು ಜಾಗ ಉಳಿದಿತ್ತು. ಹಿಂದೆ ಒಂದು ಚೀಲವೂ ಕದಲಲಿಲ್ಲ. ಕುರುಬ ತಿರುಗಿ ಕೂಡ ನೋಡಲಿಲ್ಲ. ಅವನ ಹಿಂದೆ ಒಂದು ಗಾಡಿ ಬಂದು ನಿಂತಿದೆ ಎಂದು ಅವನಿಗೆ ಗೊತ್ತೇ ಆಗಲಿಲ್ಲ.

ಮಂದೆ ಬದಿಗೆ ಇಳಿಯುವ ತನಕ ಅವಳು ಹಾರ್ನ್ ಹೊಡೆಯಲಿಲ್ಲ. ರಸ್ತೆ ಖಾಲಿಯಾದ ಮೇಲೆ ಕೇಳಿದಳು.

"ಹೋಗೂಣೇನ್ರಿ, ಮಾಸ್ತರ?"

"ನನ್ನ ಯಾಕ ಕೇಳ್ತಿ? ಗಾಡಿ ನಿಂದು."

ಕುಕನೂರಿನ ಬಸ್ ನಿಲ್ದಾಣದ ಹತ್ತಿರ ಗಾಡಿ ನಿಲ್ಲಿಸಲು ಹೇಳಿ ಇಳಿದೆ. ಯಲಬುರ್ಗಾ ತನಕ ಬರುತ್ತೇನೆಂದು ಅಪ್ಪನಿಗೆ ಹೇಳಿದ್ದೀರಿ ಎಂದು ಅವಳು ಆಕ್ಷೇಪಿಸಿದಳು. ನನಗೆ ಗಂಗಾವತಿಯ ಬಸ್ಸು ಇಲ್ಲಿಂದಲೇ ಸಿಗುತ್ತದೆ, ಸಂಜೆ ಪಾಠವಿದೆ ಅಂದೆ. ಅವಳು ಒಂದು ಗಳಿಗೆ ಖಾಲಿಯಾದ ನನ್ನ ಸೀಟನ್ನು ನೋಡಿದಳು. ಆಮೇಲೆ ಕೈ ಚಾಚಿ ಆ ಕಡೆಯ ಬಾಗಿಲನ್ನು ತಾನೇ ಗಟ್ಟಿಯಾಗಿ ಎಳೆದು ಹಾಕಿಕೊಂಡು, ಕನ್ನಡಿ ನೋಡಿ, ಇಂಡಿಕೇಟರ್ ದೀಪ ಹಾಕಿ, ರಸ್ತೆಗೆ ಇಳಿದಳು.